ಮುಚ್ಚಳದ ಪ್ರಸಾದ

ಕುಡಿಯುವವರ ಕಷ್ಟದ ಬಗ್ಗೆ ಲೋಕ ಬೇಕಾದಷ್ಟು ಮಾತಾಡಿದೆ. ಕುಡಿಯದವನ ಕಷ್ಟವನ್ನು ಕೇಳುವವರಿಲ್ಲ. ನನಗಂತೂ ಇತ್ತೀಚೆಗೆ ಒಂದೇ ಚಿಂತೆ: ನಾನು ಸತ್ತ ಮೇಲೆ ಪಿತೃಪಕ್ಷದಲ್ಲಿ ನನ್ನ ಎಡೆಗೆ ಏನು ಇಡುತ್ತಾರೆ? ನಮ್ಮ ಕಡೆ ಹಿರಿಯರ ಹಬ್ಬದ ದಿನ, ತೀರಿಕೊಂಡವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಎಲೆಯ ಮುಂದೆ ಇಡುವುದು ಪದ್ಧತಿ. ನಮ್ಮಜ್ಜಿಗೆ ಎಲೆ, ಅಡಿಕೆ, ಹೊಗೆಸೊಪ್ಪು. ಸೋದರತ್ತೆಗೆ ಒಂದು ಲೋಟ ಗಟ್ಟಿ ಕಾಫಿ. ಅಜ್ಜನಿಗೆ ಒಂದು ಕಟ್ಟು ಬೀಡಿ ಮತ್ತು ಒಂದು ಬಾಟಲಿ ಬ್ರಾಂದಿ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಗುರುತು. ನನಗೆ ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಕಾಫಿ ಕುಡಿದರೆ ಎದೆಯುರಿ. ಈ ಸಂಕಟವನ್ನು ಹೆಂಡತಿಯ ಹತ್ತಿರ ತೋಡಿಕೊಂಡರೆ ಸುಮ ತರಕಾರಿ ಹೆಚ್ಚುತ್ತಲೇ, ‘ಬಿ.ಪಿ. ಮಾತ್ರೆ ಇಡ್ತೀವಿ ಬಿಡ್ರಿ, ದಿನಾ ತಪ್ಪದೆ ತಗಳ್ಳೋದು ಅದೊಂದೇ ಅಲ್ವಾ’ ಎಂದು ಕೈತೊಳೆದುಕೊಂಡಳು.

ನಾನು ಹೊಸದುರ್ಗದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೇಷ್ಟ್ರಾದ್ದರಿಂದ ಕುಡಿಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ಇದು ಮೇಷ್ಟ್ರುಗಳ ಬಗ್ಗೆ ಜನರಿಗಿರುವ ಅತಿಯಾದ ನಂಬಿಕೆ. ನನ್ನ ಸಹೋದ್ಯೋಗಿಗಳು ಯಾರಾದರೂ ನಿವೃತ್ತರಾದರೆ ಹಿರಿಯೂರಿನ ಹೈವೇ ಪಕ್ಕದ ಡಾಬಾದಲ್ಲಿ ಸಣ್ಣದೊಂದು ಊಟವಿರುತ್ತದೆ. ಅದಕ್ಕೆ ನನ್ನನ್ನು ಎಲ್ಲರಿಗಿಂತ ಮೊದಲು ಕರೆಯುತ್ತಾರೆ. ಪ್ರೀತಿಯಿಂದೇನಲ್ಲ, ವಾಪಸು ಕಾರು ಓಡಿಸಲು ಒಬ್ಬ ಬೇಕಲ್ಲ. ಅವರು ಗ್ಲಾಸು ಎತ್ತುವ ಹೊತ್ತಿಗೆ ನಾನು ಖಾರ ಮಂಡಕ್ಕಿಯ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡಿರುತ್ತೇನೆ. ಅವರ ಮಾತು ರಂಗೇರುವಷ್ಟರಲ್ಲಿ ಮೆಣಸಿನಕಾಯಿ ಬೋಂಡಾ ಮುಗಿದಿರುತ್ತದೆ. ‘ಕುಡಿಯೋರಿಗಿಂತ ಈ ಕುಡಿಯದೋನೇ ದುಬಾರಿ’ ಎಂದು ನಮ್ಮ ಡ್ರಾಯಿಂಗ್ ಮೇಷ್ಟ್ರು ಒಮ್ಮೆ ಲೆಕ್ಕ ಹಾಕಿ ಹೇಳಿದ್ದರು. ಗಣಿತದ ಮೇಷ್ಟ್ರಾದ ನನಗೆ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ನಾನು ಒಲ್ಲೆನೆಂದದ್ದು ಮೇಷ್ಟ್ರಾಗುವ ಎಷ್ಟೋ ಮೊದಲೇ, ಹತ್ತನೇ ಕ್ಲಾಸಿನಲ್ಲಿ. ನಮ್ಮೂರು ತಾಳ್ಯದ ಹತ್ತಿರದ ಒಂದು ಹಳ್ಳಿ. ಪೇಟೆಯ ಹುಡುಗರನ್ನು ಕೆಟ್ಟ ಸ್ನೇಹಿತರು ಕುಡಿತಕ್ಕೆ ಎಳೆಯುತ್ತಾರಂತೆ. ಹಾಗೆಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮಲ್ಲಿ ಕೆಟ್ಟ ಸ್ನೇಹಿತರ ಅಗತ್ಯವೇ ಇರಲಿಲ್ಲ. ಸಾಕ್ಷಾತ್ ಹಿರಿಯರೇ ಇದ್ದರು, ಅದೂ ತೀರಿಕೊಂಡ ಹಿರಿಯರು. ಪಕ್ಷದ ದಿನ ಸಂಜೆ ನಡುಮನೆಯಲ್ಲಿ ಎಡೆ ಇಟ್ಟು, ಲೋಬಾನದ ಹೊಗೆ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುವುದಕ್ಕೆ ಅಷ್ಟು ಹೊತ್ತು ಬಿಟ್ಟು, ಆಮೇಲೆ ನಮ್ಮ ದೊಡ್ಡಪ್ಪ ಬಾಗಿಲ ಹತ್ತಿರ ನಿಂತು ಜೋರಾಗಿ ಕೆಮ್ಮುತ್ತಿದ್ದರು. ಉಣ್ಣುತ್ತಿರುವವರಿಗೆ ನಾಚಿಕೆಯಾಗಬಾರದು, ಎದ್ದು ಹೋಗಲು ಸಮಯ ಕೊಡಬೇಕು ಎನ್ನುವುದು ಆ ಕೆಮ್ಮಿನ ಅರ್ಥ. ಬಾಗಿಲು ತೆಗೆದ ಮೇಲೆ ವಡೆ, ಕಜ್ಜಾಯ ನಮಗೆ. ಬಾಟಲಿ ಮಾತ್ರ ಮನೆಯ ಹಿಂದಿನ ಹುಣಸೆ ಮರದ ಕೆಳಗೆ ಹೋಗುತ್ತಿತ್ತು. ಅಲ್ಲಿ ಗಂಡಸರು ಚಾಪೆ ಹಾಸಿಕೊಂಡು ಕುಳಿತು ‘ಹಿರಿಯರ ಪ್ರಸಾದ’ ತೆಗೆದುಕೊಳ್ಳುವರು. ಮೀಸೆ ಚಿಗುರಿದ ಹುಡುಗನಿಗೆ ಆ ವರ್ಷ ಬಾಟಲಿಯ ಮುಚ್ಚಳದ ತುಂಬ ಕೊಡುವರು. ಅಲ್ಲಿಗೆ ಅವನು ದೊಡ್ಡವನಾದ ಎಂದು ಲೆಕ್ಕ. ಪಕ್ಷ ಮುಗಿದ ಮರುದಿನ ನಮ್ಮ ಕ್ಲಾಸಿನಲ್ಲಿ ಮುಚ್ಚಳವಾದವರೆಲ್ಲ ಹಿಂದಿನ ಬೆಂಚಿನಲ್ಲಿ, ಆಗದವರೆಲ್ಲ ಮುಂದಿನ ಬೆಂಚಿನಲ್ಲಿ. ಗಣಿತದಲ್ಲಿ ಎಷ್ಟು ಅಂಕ ಬಂದರೂ ಈ ಅಂತರ ತುಂಬುತ್ತಿರಲಿಲ್ಲ.

ನನ್ನ ಸರದಿ ಬಂದದ್ದು ಅಜ್ಜ ತೀರಿಕೊಂಡ ವರ್ಷ. ಅಂದರೆ ನನ್ನ ಪಾಲಿಗೆ ಬಂದದ್ದು ನನ್ನ ಸ್ವಂತ ಅಜ್ಜನ, ಮೊದಲನೇ ವರ್ಷದ ಎಡೆಯ ಪ್ರಸಾದ. ‘ತಗಾ ತಿಪ್ಪೇಶ, ಇವತ್ತಿಂದ ನೀನೂ ನಮ್ ಪೈಕಿ’ ಎಂದು ದೊಡ್ಡಪ್ಪ ಮುಚ್ಚಳ ಚಾಚಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ನಾಳೆ ಪರೀಕ್ಷೆ ಐತೆ ದೊಡ್ಡಪ್ಪ’ ಎಂದೆ. ಮಾರನೇ ದಿನ ಭಾನುವಾರ. ದೊಡ್ಡಪ್ಪನಿಗೂ ಅದು ಗೊತ್ತಿತ್ತು. ಅವರು ಏನೂ ಅನ್ನುವ ಮೊದಲೇ ನಾನು ಎದ್ದು, ಪಂಚೆ ಸರಿಮಾಡಿಕೊಂಡು ಒಳಗೆ ಹೋಗಿ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕುಳಿತುಬಿಟ್ಟೆ. ಅವತ್ತು ಕುಳಿತವನು ಪ್ರತಿ ವರ್ಷವೂ ಅಲ್ಲೇ ಕುಳಿತೆ. ಹಿತ್ತಲಿನಲ್ಲಿ ಗಂಡಸರು ಹೊಟ್ಟೆ ಹಿಡಿದುಕೊಂಡು ನಗುವರು. ನಗು ಇದ್ದಕ್ಕಿದ್ದಂತೆ ನಿಂತು, ಯಾರೋ ಮೂಗು ಸೀಟುವ ಸದ್ದು ಕೇಳುವುದು. ಮತ್ತೆ ನಗು. ಅಜ್ಜನ ಕಥೆಗಳೆಲ್ಲ ಅಲ್ಲೇ ಹೊರಗೆ ಬರುತ್ತವೆ ಎಂದು ನನಗೆ ಗೊತ್ತಿತ್ತು. ಅಜ್ಜನನ್ನು ಆ ಮನೆಯಲ್ಲಿ ನನ್ನಷ್ಟು ಹಚ್ಚಿಕೊಂಡವರು ಇನ್ನೊಬ್ಬರಿರಲಿಲ್ಲ. ಆದರೆ ಅಜ್ಜ ಹಿತ್ತಲಲ್ಲಿ, ನಾನು ಒಲೆಯ ಮುಂದೆ. ಹಂಚಿನ ಮೇಲಿನ ವಡೆ ಸೀದು ಹೋಗುವಷ್ಟು ಕಿವಿಯನ್ನು ಆ ಕಡೆ ಇಟ್ಟು ಕೂರುತ್ತಿದ್ದೆ. ವಡೆಯನ್ನು ಹಂಚಿನ ಮೇಲಲ್ಲ, ಬಾಣಲೆಯಲ್ಲಿ ಕರಿಯುತ್ತಾರೆ ಎಂದು ಈಗ ಸುಮ ತಿದ್ದುತ್ತಿದ್ದಾಳೆ. ಇರಲಿ, ಗಮನ ಅಲ್ಲಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಯಾಕೆ ಒಲ್ಲೆನೆಂದೆ? ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಜ್ಜ ತೀರಿಕೊಳ್ಳುವ ಹಿಂದಿನ ವರ್ಷ, ಒಂದು ಸಂತೆಯ ದಿನ. ಸ್ಕೂಲು ಬಿಟ್ಟು ತಾಳ್ಯದ ಗೆಳೆಯರ ಜೊತೆ ಬರುತ್ತಿದ್ದೆ. ಬಸ್ ಸ್ಟ್ಯಾಂಡಿನ ಬೇವಿನ ಮರದ ಕಟ್ಟೆಯ ಮೇಲೆ ಅಜ್ಜ ಕುಳಿತಿದ್ದ. ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು, ಒಂದು ಕಾಲಿನಲ್ಲಿ ಮೆಟ್ಟು ಇರಲಿಲ್ಲ. ಸಂತೆಯಿಂದ ಬರುವಾಗ ನನಗಾಗಿ ಬೆಂಡು ಬತ್ತಾಸು ಕಟ್ಟಿಸಿಕೊಂಡು ಬರುವ ಅಜ್ಜ. ನಾನು ಓಡಿ ಹೋಗಿ, ‘ಅಜ್ಜ, ಮನಿಗೆ ಹೋಗಾಣ ಬಾ’ ಎಂದೆ. ಅಜ್ಜ ನನ್ನ ಮುಖವನ್ನು ನೆಟ್ಟಗೆ ನೋಡಿದ. ‘ಯಾರಪ್ಪ ನೀನು? ಯಾರ ಮಗ?’ ಎಂದ. ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಗೆಳೆಯರು ಕಿಸಕ್ಕೆಂದರು, ‘ನಿಮ್ಮಜ್ಜ ಅಂದ್ಯಲ್ಲೋ’ ಎಂದರು. ‘ಅಲ್ಲ ಕಣೋ, ನಮ್ಮಜ್ಜನ ಥರಾನೇ ಕಂಡ’ ಎಂದು ಹೇಳಿ ನಾನು ಮನೆಗೆ ನಡೆದೆ. ಮನೆಗೆ ಹೋಗಿ ಹೊಟ್ಟೆನೋವು ಎಂದು ಮುಸುಕು ಹಾಕಿಕೊಂಡು ಮಲಗಿದೆ. ಮೊಮ್ಮಗನ ಗುರುತೇ ಸಿಗದ ಹಾಗೆ ಮಾಡುವ ವಸ್ತು ಎಂಥದಿರಬೇಕು ಎಂದು ಅವತ್ತು ಹೆದರಿಕೆ ಹೊಕ್ಕಿತು. ಕರುಳು ಕೆಡುತ್ತದೆ, ಮಾನ ಹೋಗುತ್ತದೆ ಎಂದು ಪಾಠದ ಪುಸ್ತಕ ಹೇಳಿದ್ದಕ್ಕೆಲ್ಲ ನಾನು ಹೆದರಿದವನಲ್ಲ.

ಪುಸ್ತಕದ ಮಾತು ಬಂತು, ಹೇಳಿಬಿಡುತ್ತೇನೆ. ಅದೇ ವರ್ಷ ಸ್ಕೂಲಿನಲ್ಲಿ ‘ಮದ್ಯಪಾನದ ದುಷ್ಪರಿಣಾಮಗಳು’ ಎಂಬ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ನನಗೆ ಮೊದಲ ಬಹುಮಾನ ಬಂತು. ಬಹುಮಾನ ಏನೆಂದರೆ ಅರ್ಧ ಡಜನ್ ಗಾಜಿನ ಲೋಟಗಳು, ಮೈಮೇಲೆ ಕೆಂಪು ಹೂವಿನ ಚಿತ್ರ. ಮನೆಗೆ ತಂದದ್ದೇ ತಡ, ದೊಡ್ಡಪ್ಪ ಬೆಳಕಿಗೆ ಹಿಡಿದು ನೋಡಿ, ‘ಒಳ್ಳೆ ಅಳತೆ ಐತೆ’ ಎಂದರು. ಅಲ್ಲಿಂದ ಪ್ರತಿ ಪಕ್ಷಕ್ಕೂ ಆ ಲೋಟಗಳು ಹುಣಸೆ ಮರದ ಕೆಳಗೆ ಹೋಗಿ ಬರುತ್ತಿದ್ದವು. ತೊಳೆದಿಡುವ ಕೆಲಸ ನನ್ನದು. ನಾನು ಹೋಗದ ಜಾಗಕ್ಕೆ ನನ್ನ ಲೋಟ ಹೋಗುತ್ತಿತ್ತು, ನಾನು ಕೇಳದ ಕಥೆಯನ್ನು ಅದು ಕೇಳಿಸಿಕೊಂಡು ಬರುತ್ತಿತ್ತು. ಒಂದೊಂದು ಸಲ ತೊಳೆಯುವಾಗ ಕಿವಿಗೆ ಹಿಡಿದಿದ್ದೂ ಉಂಟು. ನಗಬೇಡಿ, ಹದಿನಾರನೇ ವಯಸ್ಸಿನಲ್ಲಿ ಮನುಷ್ಯ ಇದಕ್ಕಿಂತ ಹುಚ್ಚು ಕೆಲಸಗಳನ್ನು ಮಾಡುತ್ತಾನೆ.

ಇಷ್ಟೆಲ್ಲ ಯಾಕೆ ನೆನಪಾಯಿತೆಂದರೆ ಈ ವರ್ಷ ನನ್ನ ಮಗ ಮನೋಜ ಹತ್ತನೇ ಕ್ಲಾಸು. ಮೀಸೆಯೂ ಚಿಗುರಿದೆ, ಕನ್ನಡಿಯ ಮುಂದೆ ಅದಕ್ಕೆ ದಿನವೂ ಉಪಚಾರ ನಡೆಯುತ್ತದೆ. ಅವನ ಕ್ಲಾಸಿನ ಕೆಲವು ಹುಡುಗರು ಯಾರದೋ ಹುಟ್ಟುಹಬ್ಬಕ್ಕೆ ಊರಾಚೆ ಬಿಯರ್ ಕುಡಿದು ಸಿಕ್ಕಿಬಿದ್ದು, ಮನೆಮನೆಗಳಲ್ಲಿ ದೊಡ್ಡ ರಾದ್ಧಾಂತವಾಗಿತ್ತು. ನಮ್ಮವನು ಆ ಗುಂಪಿನಲ್ಲಿರಲಿಲ್ಲ. ಸುಮ ದೇವರಿಗೆ ದೀಪ ಹಚ್ಚಿದಳು. ನಾನು ಮಾತ್ರ, ಪಾಪ, ಇವನನ್ನು ಅವರು ಕರೆದೇ ಇಲ್ಲವೇನೋ ಎಂದು ಒಳಗೊಳಗೇ ಮರುಗಿದೆ. ಅಪ್ಪನಾದವನ ಮನಸ್ಸು ಇಷ್ಟು ಸೊಟ್ಟಗಿರಬಾರದು. ಆದರೆ ನನ್ನದು ಹಾಗೇ ಇದೆ, ಏನು ಮಾಡಲಿ? ಮಗ ಕುಡಿಯಬಾರದು. ಆದರೆ ನನ್ನ ಹಾಗೆ ಎದ್ದು ಹೋಗಿ ಅಡುಗೆಮನೆಯ ಪಾಲಾಗಲೂ ಬಾರದು. ಈ ಎರಡೂ ಒಟ್ಟಿಗೆ ಆಗುವುದು ಹೇಗೆಂದು ನನಗೆ ತಿಳಿದಿರಲಿಲ್ಲ, ಪಕ್ಷ ಮಾತ್ರ ಹತ್ತಿರ ಬರುತ್ತಿತ್ತು.

ಊರಿಗೆ ಹೊರಟ ದಿನ ಹೊಳಲ್ಕೆರೆಯ ಬಸ್ಸಿನಲ್ಲಿ ಮಗನ ಪಕ್ಕ ಕುಳಿತು, ದಾರಿಯುದ್ದಕ್ಕೂ ನೆಪಗಳ ಪಾಠ ಮಾಡಿದೆ. ಜ್ವರಕ್ಕೆ ಮಾತ್ರೆ ತೆಗೆದುಕೊಂಡಿದ್ದೇನೆ ಅನ್ನು, ಡಾಕ್ಟರು ಬೇಡ ಅಂದಿದ್ದಾರೆ ಅನ್ನು. ಇಲ್ಲವೇ ಮನೆದೇವರಿಗೆ ಹರಕೆ ಹೊತ್ತಿದ್ದೇನೆ ಅನ್ನು, ದೇವರೆಂದರೆ ಯಾರೂ ಮರುಮಾತಾಡುವುದಿಲ್ಲ. ಮನೋಜ ಎಲ್ಲವನ್ನೂ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಕೇಳಿಸಿಕೊಂಡು ಕೊನೆಗೆ, ‘ಬೇಡ ಅಂದ್ರೆ ಸಾಕಲ್ಲಪ್ಪ?’ ಎಂದ. ಅಷ್ಟು ಸುಲಭವಲ್ಲ ಮಗನೇ, ನಿನಗೆ ಲೋಕಜ್ಞಾನ ಸಾಲದು ಎಂದೆ. ‘ಆ ಬಿಯರ್ ಪಾರ್ಟಿಗೂ ಕರೆದಿದ್ರು. ಬೇಡ ಅಂದೆ. ಆಮೇಲೆ ಕ್ರಿಕೆಟ್ ಆಡಕ್ಕೂ ಕರೀತಾರೆ, ಹೋಗ್ತೀನಿ’ ಎಂದು ಕಿಟಕಿಯ ಕಡೆ ತಿರುಗಿದ. ನನಗೆ ಮುಂದೆ ಪಾಠ ಮಾಡಲು ಸಿಲಬಸ್ಸೇ ಉಳಿಯಲಿಲ್ಲ.

ಸಂಜೆ ಎಡೆಯಾಯಿತು. ಲೋಬಾನದ ಹೊಗೆ, ಎಳೆದುಕೊಂಡ ಬಾಗಿಲು, ದೊಡ್ಡಪ್ಪನ ಕೆಮ್ಮು. ದೊಡ್ಡಪ್ಪನಿಗೆ ಈಗ ವಯಸ್ಸಾಗಿದೆ, ಕೆಮ್ಮುವುದಕ್ಕೆ ಹಬ್ಬವೇ ಬೇಕೆಂದಿಲ್ಲ. ಗಂಡಸರೆಲ್ಲ ಹಿತ್ತಲಿಗೆ ಹೋದರು. ಮನೋಜನನ್ನು ಕರೆದರು. ನಾನು ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಕಜ್ಜಾಯದ ತಟ್ಟೆ ಹಿಡಿದು, ನೋಡುತ್ತ ನಿಂತೆ. ದೊಡ್ಡಪ್ಪ ಮುಚ್ಚಳ ತುಂಬಿ ಚಾಚಿ ನನಗೆ ಅಂದಿದ್ದ ಮಾತನ್ನೇ ಅಂದರು. ಮನೋಜ ಎರಡೂ ಕೈಯಲ್ಲಿ ಆ ಮುಚ್ಚಳ ಇಸಿದುಕೊಂಡು, ಕಣ್ಣಿಗೆ ಒತ್ತಿಕೊಂಡು, ವಾಪಸು ಕೊಟ್ಟ.

‘ನಂಗೆ ಬೇಡ ದೊಡ್ಡಜ್ಜ. ಇಲ್ಲೇ ಕುಂತ್ಕಳ್ಲಾ?’

‘ಕುಂತ್ಕಳಪ್ಪ, ಅದಕ್ಕೇನು. ಅತ್ಲಾಗೆ ಸರೀರೋ, ಹುಡುಗಂಗೆ ಜಾಗ ಬಿಡ್ರಿ’ ಎಂದರು ದೊಡ್ಡಪ್ಪ.

ಅಷ್ಟೇ ನಡೆದದ್ದು. ಆಕಾಶ ಕಳಚಿ ಬೀಳಲಿಲ್ಲ. ಮುಚ್ಚಳದ್ದನ್ನು ನನ್ನ ತಮ್ಮ ಬಾಯಿಗೆ ಹಾಕಿಕೊಂಡ. ಮನೋಜ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮಂಡಕ್ಕಿಗೆ ಕೈ ಹಾಕಿದ. ನನ್ನ ವಂಶದವನೇ, ಸಂಶಯವಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಸಂತೋಷವಾಗಬೇಕಿತ್ತು. ಆಯಿತು ಕೂಡ. ಅದರ ಹಿಂದೆಯೇ ಒಂದು ಪ್ರಶ್ನೆ ಎದ್ದಿತು. ಇಷ್ಟೇನಾ? ‘ಕುಂತ್ಕಳ್ಲಾ’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತೇ? ನನಗೇ ಗೊತ್ತಿಲ್ಲದಂತೆ ಕಜ್ಜಾಯದ ತಟ್ಟೆಯ ಸಮೇತ ಹೋಗಿ ಚಾಪೆಯ ಅಂಚಿನಲ್ಲಿ ನಿಂತು, ‘ನನ್ನನ್ನ ಯಾಕೆ ದೊಡ್ಡಪ್ಪ ಯಾವತ್ತೂ ಕೂರಿಸ್ಕಳ್ಲಿಲ್ಲ?’ ಎಂದುಬಿಟ್ಟೆ. ಮೀಸೆ ಚಿಗುರಿದ ಮಗನಿರುವವನು ಕೇಳುವ ಪ್ರಶ್ನೆಯಲ್ಲ ಅದು. ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ನಿನ್ನ ಯಾರಾದ್ರೂ ಎಬ್ಬಿಸಿದ್ರೇನಲೇ? ನೀನೇ ಎದ್ದು ಹೋದೆ. ಮುಚ್ಚಳ ಬೇಡ ಅಂದ್ರೆ ಚಾಪೆನೂ ಬೇಡ ಅಂದಂಗೆ ಅಂತ ನಾವು ಸುಮ್ನಾದ್ವಿ.’

ನಾನು ಕುಳಿತೆ. ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಲು ಕೊಟ್ಟಿದ್ದನ್ನು ನೋಡಿದ್ದೇನೆ. ಆ ಗಾದೆಗೆ ಹೆದರಿ ಮರದ ಕೆಳಗೆ ಕೂರುವುದನ್ನೇ ಬಿಟ್ಟವನು ನಾನೊಬ್ಬನೇ ಇರಬೇಕು. ದೊಡ್ಡಪ್ಪನ ಮುಂದೆ ಆ ಕೆಂಪು ಹೂವಿನ ಲೋಟ ಇತ್ತು. ಅರ್ಧ ಡಜನ್ನಿನಲ್ಲಿ ಉಳಿದದ್ದು ಅದೊಂದೇ. ಅಜ್ಜನ ಕಥೆ ಒಂದನ್ನಾದರೂ ಹೇಳಿ ದೊಡ್ಡಪ್ಪ, ಇಷ್ಟು ವರ್ಷ ಏನು ನಗುತ್ತಿದ್ದಿರಿ ಎಂದು ಕೇಳಿದೆ. ದೊಡ್ಡಪ್ಪ ಲೋಟ ಕೆಳಗಿಟ್ಟರು. ನಗುವ ಕಥೆಗಳು ಬೇಕಾದಷ್ಟಿವೆ, ನಿನಗೆ ಬೇರೆಯದೊಂದು ಹೇಳಬೇಕಿತ್ತು ಎಂದರು. ಒಂದು ಸಂತೆಯ ದಿನ ಅಜ್ಜ ಮನೆಗೆ ಬಂದವನೇ ಯಾರ ಹತ್ತಿರವೂ ಮಾತಾಡದೆ ಗೋಡೆಯ ಕಡೆ ಮುಖ ಮಾಡಿ ಕುಳಿತನಂತೆ. ಉಣ್ಣಲು ಕರೆದರೆ ಒಲ್ಲೆನೆಂದನಂತೆ. ಕೊನೆಗೆ ದೊಡ್ಡಪ್ಪನೇ ಹತ್ತಿರ ಹೋಗಿ ಏನಾಯಿತೆಂದು ಕೇಳಿದ್ದಾರೆ.

‘ಹುಡುಗ ಕರೆಯಕ್ಕೆ ಬಂದಿದ್ದ ಕಣೋ ಅಂದ. ಇಸ್ಕೂಲಿನ ಹುಡುಗ್ರೆಲ್ಲ ಜತಿಗಿದ್ರು. ಈ ಅವತಾರದಾಗೆ ನಾನು ಇವ್ನ ಅಜ್ಜ ಅಂತ ಹೆಂಗೆ ಒಪ್ಕಳ್ಲಿ, ಹುಡುಗನ ಮಾನ ಹೋಗಲ್ವಾ, ಅದಕ್ಕೇ ಯಾರಪ್ಪ ನೀನು ಅಂದ್ಬಿಟ್ಟೆ, ಅಂದ. ಹೇಳ್ತಾ ಹೇಳ್ತಾ ಅತ್ತುಬಿಟ್ಟ ನಮ್ಮಪ್ಪ.’

ಬಾಯಿಗೆ ಹಾಕಿಕೊಳ್ಳಲು ಎತ್ತಿದ್ದ ಕಜ್ಜಾಯವನ್ನು ತಟ್ಟೆಗೆ ವಾಪಸು ಇಟ್ಟೆ. ಅಜ್ಜನಿಗೆ ನನ್ನ ಗುರುತು ಸಿಕ್ಕಿತ್ತು. ಅಷ್ಟು ಕುಡಿದೂ ಸಿಕ್ಕಿತ್ತು. ಗುರುತು ಇಲ್ಲವೆಂದದ್ದು ಆಮೇಲೆ ನಾನೇ, ಗೆಳೆಯರ ಮುಂದೆ. ಆ ದಿನ ಮುಸುಕು ಹಾಕಿ ಮಲಗಿದವನು ಸ್ವಲ್ಪ ಹೊತ್ತು ಎದ್ದು ಕುಳಿತಿದ್ದರೆ, ಗೋಡೆಯ ಕಡೆ ತಿರುಗಿ ಕುಳಿತ ಅಜ್ಜನನ್ನು ನೋಡುತ್ತಿದ್ದೆ. ಪಕ್ಷದ ದಿನ ಚಾಪೆಯ ಮೇಲೆ ಕುಳಿತಿದ್ದರೆ ಮೊದಲನೇ ವರ್ಷವೇ ಈ ಮಾತು ನನಗೆ ದಕ್ಕುತ್ತಿತ್ತು. ಈಗ ಅಜ್ಜ ಬೇಕಿತ್ತು. ಅವನ ಮೆಟ್ಟಿಲ್ಲದ ಕಾಲು, ಬಿಚ್ಚಿದ ರುಮಾಲು ಸಮೇತ ಬೇಕಿತ್ತು. ‘ನಾನು ಓಬಜ್ಜನ ಮೊಮ್ಮಗ, ಎದ್ದೇಳು ಹೋಗಾಣ’ ಎಂದು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿ ಕರೆದುಕೊಂಡು ಬರುತ್ತಿದ್ದೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ದೊಡ್ಡಪ್ಪನನ್ನು ಕೇಳಿದರೆ, ‘ನಿಂತೋನಿಗೆ ಹೇಳೋ ಮಾತೇನಲೇ ಅದು? ಕುಂತ್ರೆ ತಾನೆ ಹೇಳೋದು’ ಎಂದರು.

ಕುಡಿದ ಮೇಲೆ ಮಾತ್ರ ಹೊರಡುವ ಕಥೆಗಳು ಇವು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಕಣ್ಣೊರೆಸಿಕೊಂಡು, ದೊಡ್ಡಪ್ಪನ ಲೋಟಕ್ಕೆ ಕೈ ಹಾಕಿ, ಇವತ್ತೊಂದು ದಿನ ಆಗಿದ್ದಾಗಲಿ ಎಂದು ಒಂದು ಗುಟುಕು ಕುಡಿದೇಬಿಟ್ಟೆ. ಬರೀ ಸೋಡಾ. ಸಕ್ಕರೆ ಕಾಯಿಲೆ ಬಂದಾಗಿನಿಂದ ದೊಡ್ಡಪ್ಪ ಅಜ್ಜನ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮುಂದಕ್ಕೆ ಸಾಗಿಸುತ್ತಾರಂತೆ, ಮನೋಜ ಅವರನ್ನು ನೋಡಿಯೇ ಹಾಗೆ ಮಾಡಿದ್ದಂತೆ. ಇದು ಚಾಪೆಯ ಮೇಲೆ ಕುಳಿತವರಿಗೆಲ್ಲ ಗೊತ್ತಿತ್ತು. ನನ್ನ ಜನ್ಮದ ಏಕೈಕ ಪತನವೂ ಹೀಗೆ ಸೋಡಾದಲ್ಲಿ ಮುಗಿಯಿತು. ಮನೋಜ ಮಂಡಕ್ಕಿ ತಿನ್ನುತ್ತ, ‘ನೀನ್ಯಾಕಪ್ಪ ಕುಡಿಯಲ್ಲ?’ ಎಂದು ಕೇಳಿದ. ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡಿದ್ದ ಕಾರಣ ಆಗತಾನೆ ಸುಳ್ಳಾಗಿತ್ತು. ಹೊಸದೊಂದನ್ನು ಹುಡುಕಲು ಪುರುಸೊತ್ತಿರಲಿಲ್ಲ. ‘ಬೇಡ, ಅಷ್ಟೇ’ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಅದು ನಿಜವೇ ಆಗಿತ್ತು.

ಊರಿನಿಂದ ಮರಳಿದ ಮೇಲೆ ನನ್ನ ಎಡೆಯ ಸಮಸ್ಯೆ ಬಗೆಹರಿಯಿತೆಂದು ಸುಮಳಿಗೆ ಹೇಳಿದೆ. ದೊಡ್ಡಪ್ಪನನ್ನು ಬೇಡಿ ಆ ಕೆಂಪು ಹೂವಿನ ಲೋಟ ತಂದಿದ್ದೇನೆ, ಅದರ ತುಂಬ ಸೋಡಾ ಇಡಿ, ಪಕ್ಕದಲ್ಲಿ ಒಂದು ತಟ್ಟೆ ಖಾರ ಮಂಡಕ್ಕಿ. ಇನ್ನೊಂದು ಮಾತು, ನನ್ನ ಎಡೆಗೆ ಬಾಗಿಲು ಹಾಕಿಕೊಂಡು ಹೊರಗೆ ಹೋಗಬೇಡಿ, ಕೆಮ್ಮುವುದೂ ಬೇಡ. ಒಂದು ಚಾಪೆ ಹಾಸಿ ಎಲ್ಲರೂ ಅಲ್ಲೇ ಕುಳಿತು ಏನಾದರೂ ಮಾತಾಡುತ್ತಿರಿ, ನಾನು ಕೇಳಿಸಿಕೊಂಡಿರುತ್ತೇನೆ ಎಂದೆ. ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ಸುಮ ನನ್ನನ್ನೇ ಒಂದು ಕ್ಷಣ ನೋಡಿದಳು. ಅವಳ ಕಣ್ಣೂ ಒದ್ದೆಯಾಗುತ್ತದೆ ಎಂದು ಕಾದೆ.

‘ನಾವು ಕುಂತಿರ್ತೀವಿ ಬಿಡ್ರಿ. ಆದ್ರೆ ಅವತ್ತೂ ನೀವೇ ಎದ್ದು ಹೋಗ್ತೀರ, ನೋಡ್ತಿರಿ’ ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ತಟ್ಟನೆ ಎದ್ದು ಬಾಗಿಲವರೆಗೆ ಹೋದೆ. ಅಲ್ಲಿಂದ ವಾಪಸು ಬಂದು ಕುಳಿತುಕೊಂಡೆ.